ಸವೆದ ಬೆಳ್ಳಿಯ ಬೆಲೆ
ಸವೆದ ರೋಮನ್ ನಾಣ್ಯವೆಲ್ಲ ಅಗ್ಗ ಎನ್ನುವವರು ರೋಮನ್ ಸೇನಾನಿ ಮಾರ್ಕ್ ಆಂಟನಿಯ ಬೆಳ್ಳಿ ನಾಣ್ಯ ದಿನಾರಿಯಸ್ ನೋಡಬೇಕು. ಅವನು ಸೋತ ಆಕ್ಟಿಯಂ ನೌಕಾ ಕದನಕ್ಕೆ ಮುನ್ನ, ಕ್ರಿ.ಪೂ. 32–31ರಲ್ಲಿ, ಸೈನಿಕರ ಸಂಬಳಕ್ಕೆಂದು ಟಂಕಿಸಿದ್ದು. ಒಂದು ಬದಿ ಹುಟ್ಟು ಹಾಕುವ ಹಡಗು, ಇನ್ನೊಂದು ಬದಿ ಸೇನೆಯ ಹದ್ದು, ಜೊತೆಗೆ ಸೇನಾದಳದ ಸಂಖ್ಯೆ. ಬೆಳ್ಳಿ ಕಳಪೆ. ಅದಕ್ಕೇ ಜನ ಒಳ್ಳೆಯ ನಾಣ್ಯ ಬಚ್ಚಿಟ್ಟು ಇದನ್ನು ಚಲಾಯಿಸುತ್ತಲೇ ಹೋದರು, ಇನ್ನೂರು ವರ್ಷ ದಾಟಿಯೂ. ಹಾಗಾಗಿ ಇಲ್ಲಿ ಸವೆತ ದೊಡ್ಡ ದೋಷವಲ್ಲ. ಆ ಸಂಖ್ಯೆ ಓದಲು ಬರುತ್ತದೆಯೇ ಎಂಬುದೇ ಮುಖ್ಯ. ಅಪರೂಪದ ದಳವಾದರೆ ಮಸುಕಾದದ್ದಕ್ಕೂ ಬೆಲೆ ಏರುತ್ತದೆ. ಬೆಳ್ಳಿ ಪರೀಕ್ಷಿಸಲು ಅಂದಿನ ಚಿನಿವಾರರು ಒತ್ತಿದ ಪುಟ್ಟ ಗುರುತುಗಳಿದ್ದರೆ ನನಗಂತೂ ಇನ್ನೂ ಇಷ್ಟ. ಆದರೆ ಹೊಳಪಿಗೆಂದು ಉಜ್ಜಿದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಕೊಳ್ಳಬೇಡಿ.