ಕಾರ್ಬೊರೇಟರ್ ಬಿಸಾಕಿ ಅನ್ನುವವರಿಗೆ ಒಂದು ಮಾತು

"ಕಾರ್ಬೊರೇಟರ್ ಹೋಗಿದೆ ಅಣ್ಣ, ಹೊಸದೇ ಹಾಕ್ಬೇಕು."

ಹಳೆ ಬೈಕ್ ಇಟ್ಟುಕೊಂಡು ಈ ಮಾತು ಕೇಳದವರು ನಮ್ಮ ಕಡೆ ಯಾರಾದರೂ ಇದ್ದರೆ ಕೈ ಎತ್ತಿ. ಹೋದ ದೀಪಾವಳಿಗೆ ಊರಿಗೆ ಹೋದಾಗ ನಾನೂ ಕೇಳಿದೆ. ಅಪ್ಪನದು ಸ್ಪ್ಲೆಂಡರ್. ಟ್ಯಾಂಕಿನ ಮೇಲೆ ಇನ್ನೂ 'ಹೀರೋ ಹೋಂಡಾ' ಅಂತಲೇ ಇದೆ. ಕಂಪನಿ ಹೆಸರು ಬದಲಾಗಿದ್ದು 2011ರಲ್ಲಿ, ಗಾಡಿ ಅದಕ್ಕಿಂತ ಹಳೇದು. ಅಪ್ಪನಿಗೆ ಮಂಡಿ ಆಪರೇಷನ್ ಆದ ಮೇಲೆ ಒಂದೂವರೆ ವರ್ಷ ಕೊಟ್ಟಿಗೆ ಪಕ್ಕ ನಿಂತಿತ್ತು. ಅಷ್ಟು ದಿನ ಡೈರಿಗೆ ಹಾಲಿನ ಕ್ಯಾನ್ ಹೊತ್ತಿದ್ದು ಪಕ್ಕದ ಮನೆ ಹುಡುಗನ ಗಾಡಿ. ದಿನಾ ಬೆಳಿಗ್ಗೆ ಅವನ ಮುಖ ನೋಡಿಕೊಂಡು ಇರಬೇಕು.

ಟೆಂಪೋದಲ್ಲಿ ಹಾಕಿಕೊಂಡು ತಾಲ್ಲೂಕಿನ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಹುಡುಗ ನಾಲ್ಕು ಕಿಕ್ ಹೊಡೆದ, ಚೋಕ್ ಎಳೆದು ಮತ್ತೆ ಎರಡು ಹೊಡೆದ. ಒಂದು ಸ್ಕ್ರೂ ಬಿಚ್ಚಲಿಲ್ಲ. ಮೇಲಿನ ಮಾತು ಹೇಳಿದ. ಸಾವಿರದ ಇನ್ನೂರು ರೂಪಾಯಿ. ಡಬ್ಬಿ ತೋರಿಸಿದ, ಅದರ ಮೇಲೆ ಕಂಪನಿ ಹೆಸರೇ ಇರಲಿಲ್ಲ. ಅಪ್ಪ ಆಗಲೇ ಜೇಬಿಗೆ ಕೈ ಹಾಕಿದ್ದರು.

ನಾನು ಬೇಡ ಅಂದೆ. ಯಾಕೆ ಅಂದೆ ಅನ್ನುವುದೇ ಈ ಬರಹ.

ನಿಂತ ಗಾಡಿಯ ಕಾರ್ಬೊರೇಟರಿಗೆ ಆಗುವುದೇನು? ಅದರ ತಳದಲ್ಲಿ ಒಂದು ಸಣ್ಣ ಬಟ್ಟಲು ಇದೆ. ಅದರೊಳಗೆ ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ತುಂಬಿದಂತೆ ಫ್ಲೋಟ್ ಏರಿ, ಸೂಜಿಯಂಥ ವಾಲ್ವ್ ಒತ್ತಿ ದಾರಿ ಮುಚ್ಚುತ್ತದೆ. ನಮ್ಮ ಸಂಪಿನ ಬಾಲ್ ವಾಲ್ವ್ ಇದ್ದ ಹಾಗೆ, ಅಷ್ಟೇ. ಗಾಡಿ ತಿಂಗಳುಗಟ್ಟಲೆ ನಿಂತರೆ ಬಟ್ಟಲಿನ ಪೆಟ್ರೋಲ್ ಆರಿ, ತಳದಲ್ಲಿ ಹಲಸಿನ ಮೇಣದ ಹಾಗೆ ಅಂಟು ಉಳಿಯುತ್ತದೆ. ಆ ಅಂಟು ಮೊದಲು ಕಟ್ಟುವುದು ಪೈಲಟ್ ಜೆಟ್ಟನ್ನು, ಅಂದರೆ ಗಾಡಿ ಸ್ಟಾರ್ಟ್ ಆಗಲು, ಸ್ಲೋದಲ್ಲಿ ನಿಲ್ಲಲು ಪೆಟ್ರೋಲ್ ಕೊಡುವ ಹಿತ್ತಾಳೆ ತುಂಡನ್ನು. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಹೋಗಿದ್ದು ಕಾರ್ಬೊರೇಟರ್ ಅಲ್ಲ ಸ್ವಾಮಿ, ಆ ತೂತಿನಲ್ಲಿ ಕೊಳೆ ಕೂತಿದೆ.

ಈಗಿನ ಪೆಟ್ರೋಲ್ ಇದನ್ನು ಇನ್ನೂ ಕೆಡಿಸಿದೆ. 20% ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಕಬ್ಬು ಬೆಳೆಯುವವರಿಗೆ ಅದರಿಂದ ಲಾಭವಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಎಥನಾಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಅದು ಹೋಗಿ ಕೂರುವುದು ಅದೇ ಬಟ್ಟಲಿನಲ್ಲಿ. ಅಪ್ಪನ ಗಾಡಿಯ ಬಟ್ಟಲು ಬಿಚ್ಚಿದಾಗ ಒಳಗೆ ಸುಣ್ಣದಂಥ ಬಿಳಿ ಪುಡಿ ಇತ್ತು, ಲೋಹ ತಿಂದು ಹಾಕಿದ ಗುರುತು. ಹೊಸ ಗಾಡಿಗಳಲ್ಲಿ ಸೆನ್ಸರ್ ಇದೆ, ಸ್ವಲ್ಪಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ, ನಾವೇ ಸರಿಮಾಡಬೇಕು. ಬೇರೆ ಪೆಟ್ರೋಲ್ ಹಾಕಿಸೋಣ ಅಂದರೆ ನಮ್ಮೂರ ಬಂಕಿನಲ್ಲಿ ಇರುವುದು ಒಂದೇ.

ಸರಿ, ಕೊಳೆ ಇದ್ದರೆ ತೊಳೆದರಾಯಿತು. ತೊಳೆಯುವ ಹೆಸರಿನಲ್ಲಿ ನಡೆಯುವುದೇ ಇನ್ನೊಂದು ಕಥೆ. ಕ್ಲಚ್ ವೈರಿನ ಎಳೆ, ಪಿನ್ನು, ಒಮ್ಮೆ ಹೊಲಿಗೆ ಸೂಜಿಯನ್ನೂ ನೋಡಿದ್ದೇನೆ. ಜೆಟ್ಟಿಗೆ ಚುಚ್ಚಿ ತಿರುವುತ್ತಾರೆ. ಹಿತ್ತಾಳೆ ಮೆದು ಲೋಹ. ಲೆಕ್ಕ ಹಾಕಿ ನೋಡಿ: 0.38 ಮಿಲಿಮೀಟರ್ ತೂತು ಕೆರೆದು 0.42 ಆದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ತೂತಿನ ವಿಸ್ತೀರ್ಣ 22% ಹೆಚ್ಚಾಯಿತು. ಅಲ್ಲಿಂದ ಮುಂದೆ ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಪ್ಲಗ್ಗಿಗೆ ಮಸಿ, ಮೈಲೇಜ್ ಇಲ್ಲ. ಆಮೇಲೆ ಅದೇ ಮೆಕ್ಯಾನಿಕ್ ಹೇಳುತ್ತಾನೆ, "ನಾನು ಆವತ್ತೇ ಹೇಳಿರಲಿಲ್ವಾ, ಹೊಸದು ಹಾಕಿ ಅಂತ?"

ನಮ್ಮ ಗಾಡಿಯನ್ನು ಕೊನೆಗೆ ಪಕ್ಕದ ಊರಿನ ಒಬ್ಬ ಹಿರಿಯರ ಹತ್ತಿರ ಒಯ್ದೆ. ಬೋರ್ಡಿಲ್ಲ, ಮನೆ ಮುಂದಿನ ಹೊಂಗೆ ಮರವೇ ಗ್ಯಾರೇಜು. ಅವರ ಕೆಲಸ ನೋಡುತ್ತಾ ಕೂತೆ. ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡಿದರು. ಬೀಡಿ ಸೇದುತ್ತಿದ್ದ ಒಬ್ಬನನ್ನು ಬೈದು ಎಬ್ಬಿಸಿದರು. ಬಟ್ಟಲಿನ ಸ್ಕ್ರೂಗಳಿಗೆ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಹುಡುಕಲಿಕ್ಕೇ ಐದು ನಿಮಿಷ. "ತಲೆ ಸವೆದ್ರೆ ಕಾಲು ಗಂಟೆ ಕೆಲಸ ಅರ್ಧ ದಿನ ಆಗ್ತದೆ ಕಣಪ್ಪ" ಅಂದರು. ಗಾಳಿ-ಪೆಟ್ರೋಲ್ ಹದ ಮಾಡುವ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಎಣಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ವಾಪಸ್ ಕೂರಿಸುವಾಗ ಅಷ್ಟೇ ಸುತ್ತು. (ನಿಮ್ಮ ಕೈಯಲ್ಲಿ ಫೋನ್ ಇದೆಯಲ್ಲ, ಬಿಚ್ಚುವಾಗ ಒಂದೊಂದಕ್ಕೂ ಫೋಟೊ ತೆಗೆದುಕೊಳ್ಳಿ. ರೀಲ್ಸ್ ಆಮೇಲೆ ನೋಡಬಹುದು.)

ರಬ್ಬರ್ ವಾಷರುಗಳನ್ನೆಲ್ಲ ಬೇರೆ ತೆಗೆದಿಟ್ಟರು, ಕ್ಲೀನರ್ ಸ್ಪ್ರೇ ತಾಗಿದರೆ ಅವು ಉಬ್ಬುತ್ತವೆ. ಜೆಟ್ಟುಗಳನ್ನು ನೆನೆಸಿಟ್ಟು, ಟೀ ಕುಡಿದು ಬಂದು, ಏರ್ ಪೈಪಿನಿಂದ ಎರಡೂ ಕಡೆಯಿಂದ ಊದಿದರು. ತಂತಿ ಮುಟ್ಟಲೇ ಇಲ್ಲ. ಜೆಟ್ಟನ್ನು ಬಿಸಿಲಿಗೆ ಹಿಡಿದು ನನಗೂ ತೋರಿಸಿದರು. ಮೊದಲ ಸಲ ಏನೂ ಕಾಣಲಿಲ್ಲ. ಮತ್ತೆ ನೆನೆಸಿದರು. ಮೂರನೇ ಸಲಕ್ಕೆ ಚುಕ್ಕಿಯಷ್ಟು ದುಂಡಗಿನ ಬೆಳಕು ಕಂಡಿತು. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿದರು, ಒಳಗೆ ಪೆಟ್ರೋಲ್ ಹೊಕ್ಕಿದ್ದರೆ ಸದ್ದು ಬರುತ್ತದಂತೆ. ಹೊಸದಾಗಿ ಹಾಕಿದ್ದು ಬಟ್ಟಲಿನ ವಾಷರ್ ಮತ್ತು ಫ್ಲೋಟಿನ ಸೂಜಿ ವಾಲ್ವ್ ಮಾತ್ರ. ಅವೆರಡು ನಿಜವಾಗಿಯೂ ಸವೆದಿದ್ದವು.

ಎರಡು ಗಂಟೆ ಹಿಡಿಯಿತು. ಕೂಲಿ ಎಷ್ಟು ಅಂದರೆ ಇನ್ನೂರೈವತ್ತು ಅಂದರು, ಸಾಮಾನಿನ ದುಡ್ಡು ಬೇರೆ.

ಅಪ್ಪ ಏನಂದರು ಗೊತ್ತೇ? "ಇನ್ನೂರೈವತ್ತಾ? ಬರೀ ತೊಳೆಯೋದಕ್ಕಾ?"

ನನಗೆ ಸಿಟ್ಟು ಬಂದಿದ್ದು ಅಲ್ಲಿ. ಹಿಂದಿನ ದಿನ ಹೆಸರಿಲ್ಲದ ಡಬ್ಬಿಗೆ ಸಾವಿರದ ಇನ್ನೂರು ಕೊಡಲು ಚೌಕಾಸಿಯನ್ನೂ ಮಾಡದ ಮನುಷ್ಯ ಇವರೇ. ಅಪ್ಪ ಒಬ್ಬರೇ ಅಲ್ಲ, ನಾವೆಲ್ಲ ಹಾಗೇ. ಕೈಗೆ ಸಿಗುವ ಸಾಮಾನಿಗೆ ಸಾವಿರ ಕೊಡುತ್ತೇವೆ, ಕೈಕೆಲಸಕ್ಕೆ ನೂರು ಕೊಡಲು ಮುಖ ಗಂಟು ಹಾಕುತ್ತೇವೆ. ಮೆಕ್ಯಾನಿಕ್ ಎರಡು ಗಂಟೆ ಕೂತು ತೊಳೆದರೆ "ಏನ್ ಮಾಡಿದೀಯ, ಏನೂ ಹಾಕಿಲ್ವಲ್ಲ" ಅಂತ ಕೇಳುತ್ತೇವೆ. ಅವನಿಗೂ ಅಂಗಡಿ ಬಾಡಿಗೆ ಇದೆ, ಮಕ್ಕಳ ಫೀಸಿದೆ. ತೊಳೆದರೆ ಹೊಟ್ಟೆ ತುಂಬುವುದಿಲ್ಲ, ಬಿಸಾಕಿಸಿದರೆ ತುಂಬುತ್ತದೆ ಅಂತ ಅವನಿಗೆ ಕಲಿಸಿದವರು ನಾವು. ಆ ಗ್ಯಾರೇಜಿನ ಹುಡುಗನನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

"ಹಳೇ ಕಾರ್ಬೊರೇಟರಿಗೆ ಇಷ್ಟು ರಗಳೆ ಯಾಕೆ, ಕಾಲ ಬದಲಾಗಿದೆ" ಅನ್ನುವವರೂ ಇದ್ದಾರೆ. ಬದಲಾಗಿದೆ, ನಿಜ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳು ಹೆಚ್ಚುಕಡಿಮೆ ಎಲ್ಲವೂ ಫ್ಯೂಯಲ್ ಇಂಜೆಕ್ಷನ್. ಈಗ ಕೆಲಸ ಕಲಿಯುವ ಹುಡುಗರು ಸ್ಕ್ಯಾನರ್ ಹಿಡಿಯುತ್ತಾರೆ, ಜೆಟ್ಟನ್ನು ಬಿಸಿಲಿಗೆ ಹಿಡಿಯುವುದಿಲ್ಲ. ಆದರೆ ಹಾಲಿನ ಕ್ಯಾನ್, ಮೇವಿನ ಹೊರೆ, ಗೊಬ್ಬರದ ಮೂಟೆ ಹೊರುತ್ತಿರುವ ಗಾಡಿಗಳು ಯಾವುವು ಅಂತ ಬೆಳಿಗ್ಗೆ ಆರಕ್ಕೆ ನಿಮ್ಮೂರ ಡೈರಿ ಮುಂದೆ ನಿಂತು ನೋಡಿ. ಹೊಸ ಬೈಕಿನ ಕಂತು ಕಟ್ಟಲಾಗದವರ ಗಾಡಿ ಅವು. ಒಳ್ಳೆಯ ಕಾರ್ಬೊರೇಟರನ್ನು ಗುಜರಿಗೆ ಹಾಕಿಸಿ ಡೂಪ್ಲಿಕೇಟ್ ಕೂರಿಸಿದರೆ ನಷ್ಟ ಅವರಿಗೇ.

ಎಲ್ಲ ಕಾರ್ಬೊರೇಟರೂ ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಬಾಡಿ ಬಿರುಕು ಬಿಟ್ಟಿದ್ದರೆ, ಥ್ರಾಟಲ್ ಸ್ಲೈಡ್ ಸವೆದು ಲಟಲಟ ಆಡುತ್ತಿದ್ದರೆ, ಆ ಬಿಳಿ ಪುಡಿ ಒಳಗಿನ ದಾರಿಯನ್ನೇ ತಿಂದಿದ್ದರೆ ಬದಲಾಯಿಸಲೇಬೇಕು. ಆದರೆ ಬಿಚ್ಚಿ ತೋರಿಸಿದ ಮೇಲೆ. ಬಿಚ್ಚದೆ ಹೇಳುವ ಮಾತಿಗೆ ದುಡ್ಡು ಕೊಡಬೇಡಿ. ಬದಲಾಯಿಸಿದರೂ ಹಳೆಯದನ್ನು ಕೇಳಿ ಮನೆಗೆ ತನ್ನಿ, ಅದು ನಿಮ್ಮದು.

ಆ ಹಿರಿಯರಿಗೆ ಮುನ್ನೂರು ಕೊಟ್ಟೆ. ಚಿಲ್ಲರೆ ವಾಪಸ್ ಕೊಡಲು ಬಂದರು, ಬೇಡ ಅಂದೆ. ಟ್ಯಾಂಕಿನೊಳಗೆ ತುಕ್ಕು ಇದೆ, ಅದನ್ನು ತೊಳೆಯದಿದ್ದರೆ ಎರಡು ತಿಂಗಳಲ್ಲಿ ಮತ್ತೆ ಜೆಟ್ ಕಟ್ಟುತ್ತದೆ ಅಂದಿದ್ದಾರೆ. ಗಾಡಿ ಹತ್ತು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಬಂದ್ ಮಾಡಿ, ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿಬಿಡಿ ಅಂತಲೂ ಹೇಳಿದರು. ಅಪ್ಪ ಈಗ ದಿನಾ ಹಾಲು ಹಾಕಿ ಬರುತ್ತಾರೆ. ಟ್ಯಾಂಕ್ ತೊಳೆಸಲು ಇನ್ನೂ ಒಪ್ಪಿಲ್ಲ. "ಅದಕ್ಕೆಷ್ಟು ಕೇಳ್ತಾನೋ" ಅಂತಿದ್ದಾರೆ.