ರಸೀದಿ ಕೊಡಿ ಸ್ವಾಮಿ, ಇದು ನಮ್ಮೂರು!



ವಿಲ್ಸನ್ ಗಾರ್ಡನ್ನಿನ ಯಾವ ಕ್ರಾಸಿಗೆ ಬೇಕಾದರೂ ಹೋಗಿ ನೋಡಿ, ಮನೆಗಳ ಸಾಲಿನಲ್ಲಿ ಪಿ.ಜಿ. ಬೋರ್ಡು ಕಾಣುತ್ತದೆ. ಹಾಸನದ ಹುಡುಗ, ಕಲಬುರಗಿಯ ಹುಡುಗಿ ತಿಂಗಳು ಹುಟ್ಟಿದ ಕೂಡಲೇ ಬಾಡಿಗೆ ಎಣಿಸಿ ಕೊಡುತ್ತಾರೆ. ರಸೀದಿ ಕೇಳಿದರೆ ಬರುವ ಉತ್ತರ ಒಂದೇ: "ರಸೀದಿ ಬೇಕಾದರೆ ಜಿಎಸ್‌ಟಿ ಸೇರಿಸಿ ಕೊಡಿ!" ಅಲ್ಲಿಗೆ ನಮ್ಮವರ ಬಾಯಿ ಬಂದ್.

ಈ ಬೆದರಿಕೆ ಹಸಿ ಸುಳ್ಳು. ಹೇಗೆಂದು ಕೇಳಿ.

2023ರ ಜುಲೈನಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ನಿರ್ಣಯ ಪ್ರಾಧಿಕಾರವು ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಪಿ.ಜಿ. ಎಂದರೆ ವಾಸದ ಮನೆಯಲ್ಲ, ಶೇ 12 ತೆರಿಗೆ ಕಟ್ಟಬೇಕು ಎಂದಿತ್ತು. ಆದರೆ 2024ರ ಜೂನ್ 22ರಂದು ಸೇರಿದ ಜಿಎಸ್‌ಟಿ ಮಂಡಳಿಯ 53ನೇ ಸಭೆ ವಿನಾಯಿತಿಗೆ ದಾರಿ ಮಾಡಿತು. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ ಬಾಡಿಗೆ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸ: ಇಷ್ಟಿದ್ದರೆ ಜಿಎಸ್‌ಟಿ ಇಲ್ಲ. ಎಂಟು ಸಾವಿರ ಕೊಟ್ಟು ವರ್ಷಗಟ್ಟಲೆ ಇರುವ ನಮ್ಮ ಹುಡುಗರ ಮೇಲೆ ಒಂದು ಪೈಸೆ ತೆರಿಗೆಯೂ ಬೀಳುವುದಿಲ್ಲ!

ಮತ್ತೆ ರಸೀದಿಗೆ ಯಾಕೆ ಹೆದರಿಕೆ? 90 ದಿನ ಇದ್ದರು ಎಂದು ತೋರಿಸಲು ಮಾಲೀಕನಿಗೇ ಬೇಕಾದ ಸಾಕ್ಷಿ ಅದು. ರಸೀದಿ ಕೊಡದವನು ಮುಚ್ಚಿಡುತ್ತಿರುವುದು ಜಿಎಸ್‌ಟಿಯನ್ನಲ್ಲ, ತನ್ನ ಲೆಕ್ಕವನ್ನು. ಬಾಡಿಗೆ ಎಷ್ಟು ಬಂತೆಂದು ಆದಾಯ ತೆರಿಗೆಯವರಿಗೆ ಗೊತ್ತಾಗಬಾರದು, ಎಷ್ಟು ಮಂಚ ಹಾಕಿದ್ದಾನೆಂದು ಪಾಲಿಕೆಗೆ ಗೊತ್ತಾಗಬಾರದು. ಆಸ್ತಿ ತೆರಿಗೆಯನ್ನು ಸ್ವಯಂ ಘೋಷಣೆಯ ಮೇಲೆ ಕಟ್ಟುವ ಊರು ಇದು. ಕಟ್ಟಡದ ಉಪಯೋಗ ಏನೆಂದು ಬರೆದುಕೊಡುವವನು ಮಾಲೀಕನೇ. ಬಾಗಿಲಲ್ಲಿ ಪಿ.ಜಿ. ಬೋರ್ಡು, ಅರ್ಜಿಯಲ್ಲಿ ಸ್ವಂತ ವಾಸ ಎಂದಾದರೆ ನಷ್ಟ ಯಾರಿಗೆ? ನಮ್ಮ ರಸ್ತೆಗೆ, ನಮ್ಮ ಚರಂಡಿಗೆ.

ಸಣ್ಣವರ ಕಥೆಯೇ ಬೇರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿತು. ಚಹಾ ಮಾರುವವನು ಫೋನಿನಲ್ಲಿ ದುಡ್ಡು ಪಡೆದು ಸಿಕ್ಕಿಬಿದ್ದ. ನಗದಿನಲ್ಲೇ ಬಾಡಿಗೆ ಎಣಿಸಿಕೊಳ್ಳುವವನು ಆರಾಮಾಗಿ ಕೂತ. ಇದು ಯಾವ ಊರ ನ್ಯಾಯ?

ಇನ್ನೂ ಬಡಪಾಯಿಗಳಿದ್ದಾರೆ. ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ರೋಗಿಯ ಜೊತೆ ಬಂದು ನಾಲ್ಕು ದಿನ ಲಾಡ್ಜಿನಲ್ಲಿ ಉಳಿಯುವವರು. ಅವರಿಗೆ 90 ದಿನದ ವಿನಾಯಿತಿ ಸಿಗುವುದಿಲ್ಲ. ದಿನಕ್ಕೆ 1,000 ರೂಪಾಯಿವರೆಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆ. 600 ರೂಪಾಯಿ ರೂಮಿಗೆ 72 ಅಲ್ಲ, 30 ರೂಪಾಯಿ. ಅದನ್ನೂ ನೋಂದಣಿ ಇರುವ ಲಾಡ್ಜಿನವನು ಮಾತ್ರ ಕೇಳಬಹುದು. ಬಿಲ್ಲಿನ ಮೇಲೆ 29ರಿಂದ ಶುರುವಾಗುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಆ ಸಂಖ್ಯೆಯಿಲ್ಲದೆ ತೆರಿಗೆಯ ಹೆಸರಲ್ಲಿ ಕಿತ್ತುಕೊಂಡದ್ದು ಸರ್ಕಾರಕ್ಕೆ ಹೋಗುವುದಿಲ್ಲ, ಗಲ್ಲಾಪೆಟ್ಟಿಗೆಗೇ ಹೋಗುತ್ತದೆ!

ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲನ್ನು 15ನೇ ಹಣಕಾಸು ಆಯೋಗ ಶೇ 4.713ರಿಂದ ಶೇ 3.647ಕ್ಕೆ ಇಳಿಸಿದಾಗ ನಾವು ಕೂಗಿದೆವು. ಕೂಗಿದ್ದು ಸರಿ. ಆದರೆ ನಮ್ಮ ಬೀದಿಯಲ್ಲೇ ಸೋರಿಹೋಗುವ ದುಡ್ಡಿನ ಬಗ್ಗೆ ಬಾಯಿ ಮುಚ್ಚಿ ಕೂತರೆ, ದೆಹಲಿಯನ್ನು ಕೇಳುವ ನೈತಿಕ ಬಲ ನಮಗೆಲ್ಲಿಂದ ಬರಬೇಕು? ಮಾಲೀಕ ಆಂಧ್ರದವನಿರಲಿ, ಅಚ್ಚ ಕನ್ನಡಿಗನಿರಲಿ, ಈ ಲೆಕ್ಕದಲ್ಲಿ ಇಬ್ಬರೂ ಒಂದೇ. ಕನ್ನಡ ಬಾವುಟ ಕಟ್ಟಿದ ಮಾತ್ರಕ್ಕೆ ಕಳ್ಳಲೆಕ್ಕ ಒಳ್ಳೆಯದಾಗುವುದಿಲ್ಲ.

ರಸೀದಿಯಿಲ್ಲದವನಿಗೆ ಈ ಊರಿನಲ್ಲಿ ಕಾಲೂರಲು ಜಾಗವಿಲ್ಲ. ರೂಮು ಬಿಡುವ ದಿನ ಅಡ್ವಾನ್ಸ್ ಹಿಡಿದುಕೊಂಡರೆ ಪೊಲೀಸ್ ಠಾಣೆಯಲ್ಲಿ ತೋರಿಸಲು ಏನಿದೆ? ಹಳೆ ಪದ್ಧತಿಯಲ್ಲಿ ತೆರಿಗೆ ಕಟ್ಟುವ ನೌಕರ ಬಾಡಿಗೆಯ ವಿನಾಯಿತಿ ಕೇಳಲು ಏನಿದೆ? ನಮ್ಮ ರಾಜಧಾನಿಯಲ್ಲಿ ನಾವೇ ಪೇಯಿಂಗ್ ಗೆಸ್ಟ್!

ಗೆಳೆಯರೇ, ಕಲ್ಲು ಎತ್ತಬೇಡಿ, ಗಾಜು ಒಡೆಯಬೇಡಿ. ಮುಂದಿನ ತಿಂಗಳ ಬಾಡಿಗೆ ಕೊಡುವಾಗ ಒಬ್ಬೊಬ್ಬರೇ ಹೋಗದೆ ಇಡೀ ಮಹಡಿಯವರು ಒಟ್ಟಿಗೆ ಹೋಗಿ. ಬಾಡಿಗೆ, ಅಡ್ವಾನ್ಸ್, ತಾರೀಖು, ಸಹಿ ಇರುವ ರಸೀದಿ ಕೇಳಿ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲೇ ಕಾನೂನಾಗಿದೆ. ರಸೀದಿಯೂ ಕನ್ನಡದಲ್ಲಿರಲಿ ಎಂಬುದು ನಮ್ಮ ಹಕ್ಕೊತ್ತಾಯ. ಕೊಡದಿದ್ದರೆ ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿ. ಅದೂ ಒಂದು ಸಾಕ್ಷಿಯೇ.

ಬೇಡುವುದು ಬೇಡ, ಹಕ್ಕಿನಿಂದ ಕೇಳೋಣ.

ಸಿರಿಗನ್ನಡಂ ಗೆಲ್ಗೆ!