ಇಂಗ್ಲಿಷ್ ಕಡ್ಡಾಯ ಇರಲಿ, ಲೆಕ್ಕ ಕನ್ನಡದಲ್ಲೇ ಇರಲಿ

ಐಸ್‌ಲ್ಯಾಂಡ್ ದೇಶದ ಜನ ಎಲ್ಲ ಸೇರಿ ಸುಮಾರು 4 ಲಕ್ಷ. ನಮ್ಮ ಒಂದು ದೊಡ್ಡ ತಾಲ್ಲೂಕು ಅನ್ನಿ. ಅಲ್ಲಿನ ಶಾಲೆಗಳಲ್ಲಿ ಪರಭಾಷೆ ಕಡ್ಡಾಯ, ಅದೂ ಎರಡು: ಇಂಗ್ಲಿಷ್ ಮತ್ತು ಡ್ಯಾನಿಶ್. ಡ್ಯಾನಿಶ್ ಅವರನ್ನು ಆಳಿದವರ ಭಾಷೆ. 1944ರಲ್ಲಿ ಡೆನ್ಮಾರ್ಕ್ ದೊರೆಯನ್ನು ಬಿಟ್ಟು ಗಣರಾಜ್ಯವಾದರು, ಪಾಠ ಮಾತ್ರ ಬಿಡಲಿಲ್ಲ. 1999ರ ಪಠ್ಯಕ್ರಮದಲ್ಲಿ ಇಂಗ್ಲಿಷನ್ನು ಮುಂದಕ್ಕೆ ತಂದರು, ಅಷ್ಟೆ. ಆದರೆ ಆ ಮಕ್ಕಳು ಲೆಕ್ಕ, ವಿಜ್ಞಾನ ಕಲಿಯುವುದು ತಮ್ಮ ಐಸ್‌ಲ್ಯಾಂಡಿಕ್ ಭಾಷೆಯಲ್ಲೇ.

ನಮ್ಮಲ್ಲಿ? ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯ. ಅದಕ್ಕೆ ನಮ್ಮ ತಕರಾರಿಲ್ಲ. ಇಂಗ್ಲಿಷ್ ಬಾರದೆ ಡಿಪ್ಲೊಮಾ ತರಗತಿಯಲ್ಲಿ ತಲೆ ತಗ್ಗಿಸಿ ಕೂತವರು ನಾವೇ. ಆದರೆ ಆ ಒಂದು ವಿಷಯವನ್ನು ನೆಟ್ಟಗೆ ಕಲಿಸುವ ಮೊದಲೇ, 2019ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ತೆರೆದರು! ಭಾಷೆ ಕಲಿಯುವುದು ಬೇರೆ, ತಿಳಿಯದ ಭಾಷೆಯಲ್ಲಿ ಭಿನ್ನರಾಶಿ ಕಲಿಯುವುದು ಬೇರೆ. ರೊಟ್ಟಿ ಮುರಿದು ಅರ್ಧ, ಕಾಲು, ಮುಕ್ಕಾಲು ಹೇಳುವ ಮಗು ಶಾಲೆಯಲ್ಲಿ 'ಫ್ರ್ಯಾಕ್ಷನ್' ಅಂತ ಉರು ಹೊಡೆಯುತ್ತದೆ.

ಅಪ್ಪ ಅಮ್ಮಂದಿರನ್ನು ನಾವು ದೂರುವುದಿಲ್ಲ. ಮಕ್ಕಳಿಗೆ ಇಂಗ್ಲಿಷ್ ಬರಲಿ ಅನ್ನುವ ಆಸೆ ನ್ಯಾಯವಾದದ್ದೇ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇಷ್ಟು ಕೇಳಿ: ಇಂಗ್ಲಿಷ್ ಮಾಧ್ಯಮ ಆಮೇಲಾಗಲಿ, ಇಂಗ್ಲಿಷ್ ಚೆನ್ನಾಗಿ ಕಲಿಸುವ ಮೇಷ್ಟ್ರನ್ನು ನಮ್ಮೂರಿಗೆ ಯಾವಾಗ ಕೊಡ್ತೀರಿ?